ಉಬ್ಬಸ ಇರುವ ಅಮ್ಮನಿಗೆ ಕೈ ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡಬಹುದಾ?

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 64 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ, ಪ್ಲೇಟ್ ಹಾಕಬೇಕಂತೆ. ಉಬ್ಬಸ ಜಾಸ್ತಿ, ಇನ್ಹೇಲರ್ ಇಲ್ಲದೆ ಆಗಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸೋದು ಬೇಡ, ಸ್ಕ್ಯಾನಿಂಗ್‌ನಲ್ಲಿ ನೋಡಿಕೊಂಡು ಕೈಗೆ ಬ್ಲಾಕ್ (ನರಗಳ ಸುತ್ತ ಮರಗಟ್ಟಿಸೋ ಇಂಜೆಕ್ಷನ್) ಕೊಡ್ತೀವಿ ಅಂದಿದ್ದಾರೆ. ನಡುವೆ ನೋವಾದರೆ ಅಂತ ಅಮ್ಮನಿಗೆ ಭಯ.

ಉತ್ತರ (ಅರಿವಳಿಕೆ ತಜ್ಞೆ): ಒಳ್ಳೆಯ ನಿರ್ಧಾರವನ್ನೇ ಮಾಡಿದ್ದಾರೆ. ಉಬ್ಬಸದವರ ಗಂಟಲಿಗೆ ನಳಿಕೆ ಹಾಕಿದಾಗ ಶ್ವಾಸನಾಳ ಬಿಗಿದುಕೊಳ್ಳುವ ಅಪಾಯವಿದೆ, ಬ್ಲಾಕ್‌ನಲ್ಲಿ ಅದು ತಪ್ಪುತ್ತದೆ. ಆದರೆ ಬ್ಲಾಕ್ ಎಲ್ಲಿ ಕೊಡುತ್ತಾರೆ ಅನ್ನೋದು ಮುಖ್ಯ, ಅದನ್ನು ಕೇಳಿ.

ಕೈಯ ನರಗಳು ಕುತ್ತಿಗೆಯಿಂದ ಹೊರಟು ಕಾಲರ್ ಮೂಳೆಯ ಕೆಳಗೆ ಹಾದು ಕಂಕುಳಿಗೆ ಬರುತ್ತವೆ. ಭುಜದ ಆಪರೇಷನ್‌ಗೆ ಕುತ್ತಿಗೆಯಲ್ಲಿ ಕೊಡುತ್ತೇವೆ. ಅಲ್ಲಿ ಔಷಧ ಪಕ್ಕದ ಫ್ರೆನಿಕ್ ನರಕ್ಕೂ ತಗುಲಿ, ಆ ಕಡೆಯ ವಪೆ (ಉಸಿರೆಳೆಯಲು ಬೇಕಾದ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಕೆಲವು ಗಂಟೆ ಸುಮ್ಮನಾಗಬಹುದು. ಗಟ್ಟಿಮುಟ್ಟಾದವರಿಗೆ ಗೊತ್ತಾಗೋದೇ ಕಡಿಮೆ, ನಿಮ್ಮ ತಾಯಿಯಂಥವರಿಗೆ ಉಸಿರಾಡೋದೇ ಕಷ್ಟ. ಕಾಲರ್ ಮೂಳೆಯ ಮೇಲೆ ಕೊಟ್ಟರೂ ಇದು ಆಗಬಹುದು, ಜೊತೆಗೆ ಶ್ವಾಸಕೋಶ ಹತ್ತಿರದಲ್ಲೇ ಇರುತ್ತದೆ. ಮಣಿಕಟ್ಟಿಗೆ ಕಂಕುಳೇ ಸಾಕು. ನಾನಾದರೆ ಅಲ್ಲೇ ಕೊಡುತ್ತೇನೆ.

ಕಂಕುಳಲ್ಲಿ ಸ್ಕ್ಯಾನಿಂಗ್‌ನ ಪ್ರೋಬ್ ಇಟ್ಟರೆ ರಕ್ತನಾಳ ಕಪ್ಪು ವೃತ್ತವಾಗಿ ಮಿಡಿಯೋದು ಕಾಣುತ್ತದೆ. ಅದರ ಸುತ್ತ ಮೀಡಿಯನ್, ಅಲ್ನಾರ್, ರೇಡಿಯಲ್ ನರಗಳು. ನಾಲ್ಕನೆಯದಾದ ಮಸ್ಕ್ಯುಲೋಕ್ಯುಟೇನಿಯಸ್ ಮಾತ್ರ ದೂರದಲ್ಲಿ, ಸ್ನಾಯುಗಳ ನಡುವೆ ಇರುತ್ತದೆ. ಅದನ್ನು ಬಿಟ್ಟರೆ ಮುಂಗೈಯ ಹೆಬ್ಬೆರಳ ಕಡೆಯ ಚರ್ಮಕ್ಕೆ ನೋವು ತಿಳಿಯುತ್ತದೆ. ಪ್ಲೇಟ್ ಹಾಕಲು ಕೊಯ್ಯುವುದು ಸಾಮಾನ್ಯವಾಗಿ ಅಲ್ಲೇ! ಅದಕ್ಕೇ ಅದನ್ನು ಬೇರೆಯಾಗಿ ಹುಡುಕಿ ಕೊಡುತ್ತೇವೆ. ಸೂಜಿಯ ತುದಿ ಪರದೆಯಲ್ಲಿ ಕಾಣದೆ ಮುಂದೆ ತಳ್ಳಬಾರದು.

ಕೊಟ್ಟ ಮೇಲೆ 15ರಿಂದ 30 ನಿಮಿಷ ಕಾಯಬೇಕು. ಸ್ಪಿರಿಟ್ ಹತ್ತಿ ಮುಟ್ಟಿಸಿ ತಣ್ಣಗೆ ಅನ್ನಿಸುತ್ತಾ ಅಂತ ಕೇಳುತ್ತಾರೆ. ಯಾರೋ ಎಳೆದಾಡಿದಂತೆ ತಿಳಿಯುತ್ತದೆ, ನೋವಲ್ಲ. ನೋವಾದರೆ ಅಮ್ಮ ಹೇಳಲಿ, ಹೆಚ್ಚಿನ ಮದ್ದು ಕೊಡುವ ದಾರಿ ಇದೆ.

ಪ್ರಶ್ನೆ (ಬೇರೊಬ್ಬರು): ಔಷಧ ರಕ್ತಕ್ಕೆ ಸೇರಿಬಿಟ್ಟರೆ?

ಉತ್ತರ: ಅಪರೂಪ, ಆದರೆ ಗಂಭೀರ. ತುಟಿ ಸುತ್ತ ಜುಮ್ ಅನ್ನೋದು, ಕಿವಿಯಲ್ಲಿ ಗುಂಯ್ ಅನ್ನೋದು, ಬಾಯಲ್ಲಿ ಕಬ್ಬಿಣದ ರುಚಿ: ಇವುಗಳಲ್ಲಿ ಏನಾದರೂ ಅನ್ನಿಸಿದರೆ ಕೂಡಲೇ ಹೇಳಬೇಕು. ಇದಕ್ಕೆ ಮದ್ದಾಗಿ 20% ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಥಿಯೇಟರ್‌ನಲ್ಲಿ ಕೈಗೆಟುಕುವಂತೆ ಇರಬೇಕು. ಔಷಧ ರಕ್ತಕ್ಕೆ ಸೇರದಿರಲಿ ಅಂತಲೇ ಸ್ವಲ್ಪಸ್ವಲ್ಪವಾಗಿ, ಪ್ರತಿ ಸಲ ಸಿರಿಂಜ್ ಹಿಂದಕ್ಕೆಳೆದು ನೋಡಿ ಕೊಡುತ್ತೇವೆ.

ಪ್ರಶ್ನೆ: ಮೇಡಂ, ಬ್ಲಾಕ್ ಕೊಟ್ಟು ಆಪರೇಷನ್ ಆದ ದಿನ ನಮ್ಮ ಭಾವನಿಗೆ ಸಂಜೆಯೆಲ್ಲ ಆರಾಮಿತ್ತು, ನಡುರಾತ್ರಿ ಒಮ್ಮೆಲೇ ತಡೆಯಲಾರದ ನೋವು ಬಂತು. ಬ್ಲಾಕ್ ಕೆಟ್ಟಿತ್ತಾ?

ಉತ್ತರ: ಕೆಟ್ಟಿಲ್ಲ, ಇಳಿದದ್ದು. ಮರಗಟ್ಟಿಸುವ ಔಷಧಗಳಲ್ಲಿ ಲಿಗ್ನೊಕೇನ್ ಬೇಗ ಇಳಿಯುತ್ತದೆ, ಬ್ಯುಪಿವಕೇನ್ ಅರ್ಧ ದಿನದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಬೆರಳಲ್ಲಿ ಜೋಮು ಶುರುವಾದ ಕೂಡಲೇ, ನೋವು ಬರುವ ಮುಂಚೆಯೇ, ಬರೆದುಕೊಟ್ಟ ಮಾತ್ರೆ ನುಂಗಬೇಕು. ಇದನ್ನು ರೋಗಿಯ ಮನೆಯವರಿಗೆ ಬಿಡಿಸಿ ಹೇಳಲೇಬೇಕು, ಎಷ್ಟೋ ಕಡೆ ಹೇಳುವುದಿಲ್ಲ. ಸ್ಪರ್ಶ ಬರುವ ತನಕ ಕೈ ಜೋಳಿಗೆಯಲ್ಲಿರಲಿ, ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಒಂದು ದಿನ ಕಳೆದರೂ ಮರಗಟ್ಟಿದ್ದು ಹೋಗದಿದ್ದರೆ ಬ್ಲಾಕ್ ಕೊಟ್ಟವರಿಗೇ ಫೋನ್ ಮಾಡಿ.