ಸಹಾಯ ಬೇಕು: ಅನಾಟಮಿ-ಫಿಸಿಯಾಲಜಿಯಲ್ಲಿ ಅಂಕ ಕಡಿಮೆ ಬಂದ ನರ್ಸಿಂಗ್ ಮಕ್ಕಳಿಗೆ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ ನರ್ಸಿಂಗ್ ಮೊದಲ ಸೆಮಿಸ್ಟರ್ ಫಲಿತಾಂಶ ನೋಡಿ ಕುಗ್ಗಿಹೋಗಿರುವ, ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಉತ್ತರ ತಿದ್ದಿಕೊಡಲು ಸೀನಿಯರ್‌ಗಳು, ಟ್ಯೂಟರ್‌ಗಳು ಬೇಕಾಗಿದ್ದಾರೆ.

75 ಅಂಕದ ಥಿಯರಿಯಲ್ಲಿ ಅನಾಟಮಿ (ದೇಹದ ರಚನೆ) ಭಾಗಕ್ಕೆ 37 ಅಂಕ, ಫಿಸಿಯಾಲಜಿ (ದೇಹದ ಕೆಲಸ) ಭಾಗಕ್ಕೆ 38 ಅಂಕ ಮೀಸಲು. ಕಾಲೇಜಿನಲ್ಲೇ ಕೊಡುವ ಇಂಟರ್ನಲ್ 25 ಬೇರೆ. ಈ ಮಕ್ಕಳು ಓದಿಲ್ಲ ಅಂತಲ್ಲ, ಓದಿದ್ದು ಹಾಳೆಗೆ ಇಳಿಯುತ್ತಿಲ್ಲ. ಮೂತ್ರ ಉತ್ಪತ್ತಿಯ ಪ್ರಶ್ನೆಯನ್ನೇ ನೋಡಿ. ಕಿಡ್ನಿ ಎಲ್ಲಿದೆ, ಎಷ್ಟು ದೊಡ್ಡದು ಎಂದು ಒಂದು ಪುಟ ತುಂಬಿಸುತ್ತಾರೆ, ಕೇಳಿದ್ದು ಅದಲ್ಲ. ಫಿಲ್ಟ್ರೇಶನ್ (ರಕ್ತ ಸೋಸುವುದು), ರೀಅಬ್ಸಾರ್ಪ್ಶನ್ (ಬೇಕಾದ್ದನ್ನು ವಾಪಸ್ ಹೀರಿಕೊಳ್ಳುವುದು) ಬರೆದು ಮೂರನೆಯ ಹಂತ ಸೆಕ್ರೀಶನ್ (ಬೇಡದ್ದನ್ನು ರಕ್ತದಿಂದ ನಾಳಕ್ಕೆ ಬಿಡುವುದು) ಬಿಟ್ಟೇಬಿಡುತ್ತಾರೆ. ಕಿಡ್ನಿಯೊಳಗೆ ಮೂತ್ರ ತಯಾರಿಸುವ ಸಣ್ಣ ಘಟಕವಾದ ನೆಫ್ರಾನ್ ಚಿತ್ರ ಚೆನ್ನಾಗಿರುತ್ತದೆ, ಭಾಗಗಳ ಹೆಸರೇ ಇರುವುದಿಲ್ಲ. ಗ್ಲೂಕೋಸ್ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಲ್ಲಿ (ನೆಫ್ರಾನ್ ನಾಳದ ಮೊದಲ ಭಾಗ) ವಾಪಸ್ ಹೀರಲ್ಪಡುತ್ತದೆ ಎಂಬ ಒಂದು ಸಾಲು ಚಿತ್ರದ ಪಕ್ಕದಲ್ಲಿದ್ದರೂ ಉತ್ತರಕ್ಕೆ ತೂಕ ಬರುತ್ತದೆ.

ಹಾಗಾಗಿ ಮತ್ತೆ ನೋಟ್ಸ್ ಪಿಡಿಎಫ್ ಕಳಿಸಬೇಡಿ, ದಯವಿಟ್ಟು. ಅದು ಬೇಕಾದಷ್ಟಿದೆ. ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಬರೆದ ಉತ್ತರದ ಫೋಟೋ ಮಕ್ಕಳು ಕಳಿಸುತ್ತಾರೆ. ಏನು ಬಿಟ್ಟುಹೋಗಿದೆ, ಯಾವುದು ಹೆಚ್ಚಾಯಿತು ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿ ಕಳಿಸಿದರೆ ಸಾಕು. ವಾರಕ್ಕೆ ಎರಡು ಉತ್ತರ ನೋಡಿದರೂ ದೊಡ್ಡ ಉಪಕಾರ. ವಿವರಣೆ ಕನ್ನಡದಲ್ಲಿರಲಿ, ಪದಗಳು ಪರೀಕ್ಷೆಯಲ್ಲಿ ಬರುವ ಹಾಗೇ ಇರಲಿ.

ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಪ್ರತ್ಯೇಕವಾಗಿ ಶೇ. 50 ಬೇಕು ಎನ್ನುವುದೂ ಕೆಲವರಿಗೆ ಗೊತ್ತಿಲ್ಲ, ತಿಳಿಸಿ.

ಊಟ-ನಿದ್ದೆ ಬಿಟ್ಟವರು, ಬದುಕೇ ಬೇಡ ಎನ್ನುವವರು ಕಂಡರೆ ಪಾಠ ಪಕ್ಕಕ್ಕಿಡಿ. ಒಬ್ಬರನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು, ಉಚಿತ.

ನೋಡಿಕೊಡಬಲ್ಲವರು ವಿಷಯ ಮತ್ತು ಬಿಡುವಿನ ದಿನವನ್ನು ಕೆಳಗೆ ಬರೆಯಿರಿ.