ಆರಂಭಿಕ ಮೌಲ್ಯ ಕೊಡದೆ ಡೆಫ್‌ವಾರ್ ಬರೆದವರು ಅನುಭವ ತಿಳಿಸಬೇಕು

ಶಿರಸಿಯ ತೋಟಿಗ:
ಮನೆಯ ಅಡಿಕೆ ಲೆಕ್ಕಕ್ಕಾಗಿ ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರವು ಟೆಂಡರ್ ಮುಗಿಯುವವರೆಗೆ ತಿಳಿಯದಾದ್ದರಿಂದ ‘(ಡೆಫ್‌ವಾರ್ *ದರ*)’ ಎಂದಷ್ಟೇ, ಅಂದರೆ ವೇರಿಯಬಲ್ಲಿನ ಹೆಸರು ಘೋಷಿಸಿ ಮೌಲ್ಯ ಕೊಡದೆ, ಬರೆದಿದ್ದೇನೆ. ಹೀಗೆ ಖಾಲಿ ಬಿಡುವುದು ಒಳ್ಳೆಯದೋ, ನಿಲ್ (‘ಏನೂ ಇಲ್ಲ’ ಎಂಬ ಮೌಲ್ಯ) ತುಂಬಿಡುವುದೋ? ಮಾಡಿ ನೋಡಿದವರು ಹೇಳಬೇಕು.

ಕುಮಟಾ:
ನಿಲ್ ತುಂಬಿ ಕೈ ಸುಟ್ಟುಕೊಂಡವನು ನಾನು. ಶಿರಸಿಯ ವಖಾರಿಯೊಂದಕ್ಕೆ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಮಾರಾಟದ ಪಟ್ಟಿಗಳನ್ನು ಇಡುವ ವೇರಿಯಬಲ್‌ಗೆ, ಖಾಲಿ ಏಕೆ ಬಿಡಬೇಕೆಂದು ನಿಲ್ ಕೊಟ್ಟಿದ್ದೆ. ಮುಂದೊಮ್ಮೆ ನಾನೇ ಏನನ್ನೋ ತಿದ್ದುವಾಗ ಕಡತ ಓದಿಸುವ ಸಾಲು ಅಳಿಸಿಹೋಯಿತು. ಲಿಸ್ಪ್‌ನಲ್ಲಿ ನಿಲ್ ಎಂದರೆ ಖಾಲಿ ಲಿಸ್ಟ್ ಕೂಡ ಹೌದಷ್ಟೇ. ಲಿಸ್ಟಿನ ಒಂದೊಂದನ್ನೇ ಎತ್ತಿಕೊಳ್ಳುವ ಡೂಲಿಸ್ಟ್ ಒಂದು ಸುತ್ತೂ ಹಾಕದೆ ಹೊರಬಂತು, ರೆಡ್ಯೂಸ್ ಕೂಡಿಸಿ 0 ಎಂದಿತು, ಎಲ್ಲಿಯೂ ಸೊಲ್ಲೆತ್ತಲಿಲ್ಲ. ತಿಂಗಳ ಕೊನೆಗೆ 43 ಬೆಳೆಗಾರರ ಲೆಕ್ಕದ ಹಾಳೆಗಳಲ್ಲಿಯೂ 0 ಎಂದೇ ಅಚ್ಚಾಗಿ, 6 ಹಾಳೆಗಳು ಮನೆಗಳಿಗೂ ತಲುಪಿದ್ದವು. ಕಾರಣ ಹುಡುಕಲು ಎರಡು ದಿನ, ಮರುಮುದ್ರಣದ ಕಾಗದ, ಬಸ್ಸಿನಲ್ಲಿ ಎರಡು ಸಲ ದೇವಿಮನೆ ಘಟ್ಟ ಹತ್ತಿ ಇಳಿದದ್ದು, ಎಲ್ಲವೂ ನನ್ನ ಖರ್ಚು. ಅಂದಿನಿಂದ ಖಾಲಿಯೇ ಬಿಡುತ್ತೇನೆ. ಮೌಲ್ಯವಿಲ್ಲದ್ದನ್ನು ಓದಹೋದರೆ ಎಸ್‌ಬಿಸಿಎಲ್ (ಕಾಮನ್ ಲಿಸ್ಪ್‌ನ ಒಂದು ಕಂಪೈಲರ್) ಅಲ್ಲಿಯೇ ನಿಂತು, ಇಂಥ ವೇರಿಯಬಲ್ ಅನ್‌ಬೌಂಡ್ ಎಂದು ಹೆಸರು ಹಿಡಿದು ಹೇಳುತ್ತದೆ. ಅಲ್ಲಿಯೇ ಮೌಲ್ಯ ಕೊಟ್ಟು ಮುಂದುವರಿಯಲೂ ಬಿಡುತ್ತದೆ.

ಕಾರವಾರ:
ಕುಮಟಾದವರು ಅರ್ಧ ಕಥೆ ಹೇಳಿದ್ದಾರೆ. ನಾನು ಹೀಗೆಯೇ ಖಾಲಿ ಡೆಫ್‌ವಾರ್ ಬರೆದು, ವೆಬ್ ಸರ್ವರ್ ಆರಂಭಿಸುವಲ್ಲಿ ಲೆಟ್ ಮೂಲಕ, ಅದರೊಳಗಿನ ಕೆಲಸ ಮುಗಿಯುವವರೆಗೆ ಮಾತ್ರ ನಿಲ್ಲುವಂತೆ, ಮೌಲ್ಯ ಕಟ್ಟಿದ್ದೆ. ನಾನು ಕೈಯಾರೆ ಪರೀಕ್ಷಿಸಿದಾಗಲೆಲ್ಲ ಸರಿಯಾಗಿಯೇ ನಡೆಯಿತು. ಆದರೆ ಸರ್ವರ್ ಪ್ರತಿ ಕೋರಿಕೆಗೂ ಹೊಸ ಥ್ರೆಡ್ (ಜೊತೆಜೊತೆಗೆ ಬೇರೆಯಾಗಿ ಓಡುವ ಕೆಲಸದ ಎಳೆ) ತೆರೆಯುತ್ತದೆ. ಲೆಟ್ ಕಟ್ಟಿದ ಮೌಲ್ಯವು ಎಸ್‌ಬಿಸಿಎಲ್‌ನಲ್ಲಿ ಕಟ್ಟಿದ ಥ್ರೆಡ್ಡಿಗಷ್ಟೇ ಕಾಣುತ್ತದೆ. ಹೊಸ ಥ್ರೆಡ್ಡಿಗೆ ಸಿಗುವುದು ಗ್ಲೋಬಲ್ ಮೌಲ್ಯ, ಅದನ್ನಂತೂ ನಾನು ಕೊಟ್ಟೇ ಇರಲಿಲ್ಲ, ಹಾಗಾಗಿ ಅಲ್ಲಿ ಅನ್‌ಬೌಂಡ್ ದೋಷ ಬಂತು. ಕಾರಣ ಹುಡುಕಿದ್ದು ಜುಲೈ ಮಳೆಯ ರಾತ್ರಿ, 10 ಗಂಟೆಗೆ ಕರೆಂಟ್ ಹೋಗಿತ್ತು, 1.30ಕ್ಕೆ ಇನ್ವರ್ಟರ್ ಕೂಡ ಕೈಕೊಟ್ಟಿತು. ಉಳಿದದ್ದನ್ನು ಲ್ಯಾಪ್‌ಟಾಪಿನ ಕೊನೆಯ 18 ಶೇಕಡಾ ಚಾರ್ಜಿನಲ್ಲಿ ಹುಡುಕಿದೆ. ಈಗ ನನ್ನಲ್ಲಿ ಎಲ್ಲವೂ ಡೆಫ್‌ಪ್ಯಾರಾಮೀಟರ್. ಅದು ಮೌಲ್ಯವಿಲ್ಲದೆ ಬರೆಯಲು ಬಿಡುವುದೇ ಇಲ್ಲ.

ಕುಮಟಾ:
ಅದು ಡೆಫ್‌ವಾರ್‌ನ ತಪ್ಪಲ್ಲ, ಲೆಟ್‌ನ ವ್ಯಾಪ್ತಿ ತಿಳಿಯದವರ ತಪ್ಪು. ಥ್ರೆಡ್ ಏಳುವ ಮೊದಲೇ ಸೆಟ್‌ಎಫ್ ಮಾಡಿ ಗ್ಲೋಬಲ್ ಮೌಲ್ಯ ಕೊಟ್ಟಿದ್ದರೆ ಮುಗಿದಿತ್ತು. ನಿಲ್ ಇದ್ದಿದ್ದರೆ ನಿಮ್ಮ ಸರ್ವರ್ ಬೆಳಗಿನವರೆಗೂ ಖಾಲಿ ಪುಟ ಬಡಿಸುತ್ತಿತ್ತು, ನೀವು ಸುಖವಾಗಿ ಮಲಗಿರುತ್ತಿದ್ದಿರಿ.

ಹೊನ್ನಾವರ:
ಇಬ್ಬರೂ ಸ್ವಲ್ಪ ತಡೆಯಿರಿ. ನನಗೆ ಪೆಟ್ಟು ಬಿದ್ದದ್ದು ವಿವರಣೆಯ ಸಾಲಿನಿಂದ. ‘(ಡೆಫ್‌ವಾರ್ *ದರ* "ಕ್ವಿಂಟಲಿಗೆ ರೂಪಾಯಿಗಳಲ್ಲಿ")’ ಎಂದು ಬರೆದಿದ್ದೆ. ಹೆಸರಿನ ನಂತರದ ಸ್ಥಾನ ಮೌಲ್ಯದ್ದಾದ್ದರಿಂದ ನನ್ನ ವಿವರಣೆಯೇ ಮೌಲ್ಯವಾಗಿ ಕೂತು, ಬಿಲ್ಲಿನ ತಲೆಯಲ್ಲಿ ‘ಇಂದಿನ ದರ: ಕ್ವಿಂಟಲಿಗೆ ರೂಪಾಯಿಗಳಲ್ಲಿ’ ಎಂದು ಅಚ್ಚಾಯಿತು. ಅದನ್ನು ನೋಡಿ ನಕ್ಕವರು ಇಂದಿಗೂ ನಗುತ್ತಾರೆ. ವಾಕ್ಯ ತೆಗೆದು ಕಡತವನ್ನು ಮತ್ತೆ ಲೋಡ್ ಮಾಡಿದರೂ ಅದೇ ಸಾಲು! ಈಗಾಗಲೇ ಮೌಲ್ಯವಿರುವುದನ್ನು ಡೆಫ್‌ವಾರ್ ಮುಟ್ಟುವುದಿಲ್ಲವೆಂಬುದು ಹೊಳೆದು, ಮೌಲ್ಯ ತೆಗೆದುಹಾಕುವ ಮ್ಯಾಕ್‌ಅನ್‌ಬೌಂಡ್ ಬರೆಯುವ ಹೊತ್ತಿಗೆ ಸಂಜೆಯಾಗಿತ್ತು. ಖಾಲಿ ಡೆಫ್‌ವಾರ್‌ಗೆ ವಿವರಣೆ ಬೇಕಾದರೆ ಡಾಕ್ಯುಮೆಂಟೇಶನ್ ಫಂಕ್ಷನ್ನಿನ ಮೇಲೆ ಬೇರೆಯಾಗಿಯೇ ಸೆಟ್‌ಎಫ್ ಮಾಡಬೇಕು.

ಯಲ್ಲಾಪುರ:
ಈಮ್ಯಾಕ್ಸ್ ಎಡಿಟರಿನ ಲಿಸ್ಪ್‌ನಲ್ಲಿ ಖಾಲಿ ಡೆಫ್‌ವಾರ್ ಸಾಲಿನ ಅರ್ಥವೇ ಬೇರೆ. 2012ರಲ್ಲಿ ಬಂದ 24ನೆಯ ಆವೃತ್ತಿಯಲ್ಲಿ ಲೆಕ್ಸಿಕಲ್ ಬೈಂಡಿಂಗ್ (ಲೆಟ್ ಕಟ್ಟಿದ ಮೌಲ್ಯ ಅದರೊಳಗೆ ಬರೆದ ಸಾಲುಗಳಿಗಷ್ಟೇ ಕಾಣುವ ಪದ್ಧತಿ) ಸೇರಿತು. ಅದನ್ನು ಹಾಕಿಕೊಂಡ ಕಡತದಲ್ಲಿ ಮೌಲ್ಯವಿಲ್ಲದ ಡೆಫ್‌ವಾರ್‌ನ ಮಾತು ಆ ಕಡತದೊಳಗೆ ಮಾತ್ರ ನಡೆಯುತ್ತದೆ. ಒಂದು ಕಡತದಲ್ಲಿ ಘೋಷಿಸಿ ಇನ್ನೊಂದರಲ್ಲಿ ಲೆಟ್ ಕಟ್ಟಿದೆ. ಆ ಮೌಲ್ಯ ಕರೆಯಲ್ಪಟ್ಟ ಫಂಕ್ಷನ್ನಿಗೆ ಕಾಣಲೇ ಇಲ್ಲ. ನಾಲ್ಕು ದಿನ ಹಾಳಾಯಿತು.

ಕುಮಟಾ:
ಕೇಳಿದ್ದು ಕಾಮನ್ ಲಿಸ್ಪ್ ಬಗ್ಗೆ. ಎಡಿಟರಿನ ಕಷ್ಟವನ್ನು ಇಲ್ಲಿ ತಂದು ಸುರಿಯುವುದೇಕೆ?

ಯಲ್ಲಾಪುರ:
ಕೇಳಿದ್ದು ಒಂದು ಮನೆಯ ಅಡಿಕೆ ಲೆಕ್ಕದ ಬಗ್ಗೆ. ನೀವು 43 ಮನೆಯವರ ಹಾಳೆ ಬಿಚ್ಚಿ ಕೂತಿರಲ್ಲ, ಅದಕ್ಕೆ ಯಾರಾದರೂ ಅಡ್ಡ ಬಂದರೇ?

ಕಾರವಾರ:
ಸೆಟ್‌ಎಫ್ ಉಪದೇಶ ನನಗೆ ಬೇಡ, ಮರುದಿನವೇ ಅದನ್ನು ಬರೆದವನು ನಾನು. ಖಾಲಿ ಬಿಟ್ಟದ್ದು ಯಾವ ಥ್ರೆಡ್ಡಿನಲ್ಲಿ ಬೀಳುತ್ತದೆಂದು ಓಡಿಸುವವರೆಗೆ ಗೊತ್ತಾಗುವುದಿಲ್ಲ, ನನ್ನ ದೂರು ಅಷ್ಟೇ.

ಕುಮಟಾ:
ಡೆಫ್‌ಪ್ಯಾರಾಮೀಟರ್ ಬರೆದ ಕಡತವನ್ನು ಟೆಂಡರ್ ಮುಗಿದ ಮೇಲೆ ಮತ್ತೊಮ್ಮೆ ಲೋಡ್ ಮಾಡಿ ನೋಡಿ ಮಾರಾಯರೇ. ತುಂಬಿದ ದರವೆಲ್ಲ ಅಳಿಸಿ ಮೊದಲಿನದೇ ಬಂದು ಕೂತಿರುತ್ತದೆ.

ಕಾರವಾರ:
ಕೂರಲಿ. ಅಳಿಸಿದ್ದು ನನ್ನ ಕಣ್ಣಿಗಾದರೂ ಬೀಳುತ್ತದೆ.

ಶಿರಸಿಯ ತೋಟಿಗ:
ನನ್ನದರಲ್ಲಿ ಥ್ರೆಡ್ಡೂ ಇಲ್ಲ, ಸರ್ವರೂ ಇಲ್ಲ. ಖಾಲಿಯೇ ಬಿಟ್ಟು, ಬಿಲ್ ಅಚ್ಚಾಗುವ ಮುನ್ನ ಮೌಲ್ಯ ಇದೆಯೇ ಎಂದು ಬೌಂಡ್‌ಪಿ ಕೇಳಿಸುವ ಒಂದು ಸಾಲು ಸೇರಿಸಿದ್ದೇನೆ. ಬೆಟ್ಟೆಯ ದರ ಇವತ್ತಿಗೂ ಬಂದಿಲ್ಲ. ಪ್ರೋಗ್ರಾಂ ಅದನ್ನೇ ಹೇಳಿ ನಿಂತಿದೆ.

ಕಾರವಾರ:
ಪ್ರತಿಯೊಂದಕ್ಕೂ ಬೌಂಡ್‌ಪಿ ಬರೆಯುವುದಾದರೆ ನಿಲ್ ಕೊಟ್ಟು ನಿಲ್ ಇದೆಯೇ ಎಂದು ಕೇಳಿದ್ದರೆ ಆಗುತ್ತಿರಲಿಲ್ಲವೇ?

ಕುಮಟಾ:
ಮತ್ತೆ ಶುರು ಮಾಡಿದಿರಲ್ಲ.