ಶನಿವಾರದ ಪ್ರಶ್ನೋತ್ತರ: ನಮ್ಮ ಶಾಲೆಯ ವಿಕಲಚೇತನ ಮಕ್ಕಳು

ಅಡ್ಮಿನ್: ನಮಸ್ಕಾರ. ಇವತ್ತು ಉತ್ತರ ಕೊಡುವವರು ತಾಲ್ಲೂಕಿನ ಶಾಲೆಗಳಿಗೆ ಓಡಾಡುವ ವಿಶೇಷ ಶಿಕ್ಷಕಿ, ಬಿಐಇಆರ್‌ಟಿ ಮೇಡಂ. ಮಕ್ಕಳ ಹೆಸರು, ಫೋಟೊ ಹಾಕಬೇಡಿ. ಔಷಧಿ ಫಾರ್ವರ್ಡ್ ಬೇಡವೇ ಬೇಡ.

ಸಹಶಿಕ್ಷಕಿ, ಕಡೂರು ಕಡೆ: ಮೇಡಂ, ಡಿಸೆಂಬರ್ 3ಕ್ಕೆ ವಿಕಲಚೇತನರ ದಿನ ಮಾಡಬೇಕು. ಎಲ್ಲ ಮಕ್ಕಳಿಗೂ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಇಟ್ಟಿದ್ದೇವೆ. ಆಮೇಲೆ ನಮ್ಮ ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ವೇದಿಕೆಯಲ್ಲಿ ಶಾಲು ಹೊದಿಸಿ ಸನ್ಮಾನ. ಅವಳಿಗೆ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಗೋಡೆ ಹಿಡಿದು ನಡೀತಾಳೆ, ಮಾತು ನಿಧಾನ. ಓದಿನಲ್ಲಿ ಚುರುಕು. ಕ್ಲಾಸಿನ ಮಕ್ಕಳು ತುಂಬಾ ಒಳ್ಳೆಯವರು. ಬ್ಯಾಗ್ ಹೊರುತ್ತಾರೆ, ನೋಟ್ಸ್ ಬರೆದುಕೊಡುತ್ತಾರೆ, ನಾನು ಪ್ರಶ್ನೆ ಕೇಳಿದರೆ ಅವಳ ಪರವಾಗಿ ಉತ್ತರಾನೂ ಹೇಳುತ್ತಾರೆ. ಪಾಪ, ಅವಳಿಂದ ಒಂದು ತೊಂದರೆ ಇಲ್ಲ. ಬೆಳಿಗ್ಗೆ ಬಂದರೆ ಸಂಜೆ ತನಕ ನೀರೂ ಕೇಳುವುದಿಲ್ಲ. ಕಾರ್ಯಕ್ರಮಕ್ಕೆ ಇನ್ನೇನು ಸೇರಿಸಬಹುದು?

ವಿಶೇಷ ಶಿಕ್ಷಕಿ: ಕಾರ್ಯಕ್ರಮದ ಮಾತು ಆಮೇಲೆ. "ನೀರೂ ಕೇಳುವುದಿಲ್ಲ" ಅಂದಿರಲ್ಲ, ನನಗೆ ಅದೇ ಚಿಂತೆ.

ಒಂಬತ್ತು ವರ್ಷದ ಮಗು ಇಡೀ ದಿನ ನೀರು ಕುಡಿಯುವುದಿಲ್ಲ ಅಂದರೆ ಬಾಯಾರಿಕೆ ಇಲ್ಲ ಅಂತ ಅಲ್ಲ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಕುಡಿಯುತ್ತಿಲ್ಲ. ಬಿಗಿ ಕಾಲಿನವಳು ನೆಲದ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಹೇಗೆ? ಕೂತರೂ ಏಳುವುದು ಹೇಗೆ? ಬೀಳುವ ಭಯ, ಬಟ್ಟೆ ಒದ್ದೆಯಾದರೆ ನಗುತ್ತಾರೆ ಅನ್ನುವ ಭಯ. ಹಾಗಾಗಿ ತಡೆದುಕೊಳ್ಳುತ್ತಾಳೆ. ಇದು ದಿನಾ ನಡೆದರೆ ಮೂತ್ರದ ಸೋಂಕು ಬರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮಲಬದ್ಧತೆ ಮೊದಲೇ ಜಾಸ್ತಿ, ನೀರಿಲ್ಲದೆ ಅದು ಇನ್ನೂ ಹೆಚ್ಚುತ್ತದೆ. ಮಧ್ಯಾಹ್ನದ ಮೇಲೆ ತಲೆನೋವು, ಮಂಕು. ಅದನ್ನು ನೋಡಿ "ಅವಳಿಗೆ ಪಾಠ ಹತ್ತಲ್ಲ" ಅಂತ ಯಾರೋ ಬರೆದುಬಿಡುತ್ತಾರೆ. ನಾನು ನೋಡಿದ ಎಷ್ಟೋ ಹೆಣ್ಣುಮಕ್ಕಳು ಆರನೇ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಇದೇ ಕಾರಣಕ್ಕೆ. ರಿಜಿಸ್ಟರಿನಲ್ಲಿ ಮಾತ್ರ "ಆರೋಗ್ಯ ಸಮಸ್ಯೆ" ಅಂತ ಇರುತ್ತದೆ.

ಸೋಮವಾರವೇ ಅವಳ ತಾಯಿಯನ್ನು ಕರೆಸಿ, ಅವಳನ್ನೂ ಕೂರಿಸಿಕೊಂಡು ಕೇಳಿ. ಕ್ಲಾಸಿನ ಎದುರು ಬೇಡ. ಮನೆಯಲ್ಲಿ ಏನು ಮಾಡುತ್ತಾಳೆ, ಯಾರ ಸಹಾಯ ತೆಗೆದುಕೊಳ್ಳುತ್ತಾಳೆ, ಶಾಲೆಯಲ್ಲಿ ಯಾರಾದರೆ ಅವಳಿಗೆ ಸರಿ. ಆ ಹೆಂಗಸನ್ನೂ ಮೊದಲೇ ಕೇಳಿ ಒಪ್ಪಿಸಬೇಕು. ಬಿಸಿಯೂಟದ ಅಕ್ಕನ ತಲೆಗೆ ಸುಮ್ನೆ ಕಟ್ಟಬೇಡಿ. ಉರಿ, ಜ್ವರ ಇದೆಯಾ ಕೇಳಿ, ಇದ್ದರೆ ಅವತ್ತೇ ಆಸ್ಪತ್ರೆ. ಈಗಿರುವ ಕಕ್ಕಸಿನ ಮೇಲೆ ಇಡುವ, ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ, ದೊಡ್ಡ ಖರ್ಚಲ್ಲ. ಅಲುಗಾಡದ ಹಾಗೆ ನಿಲ್ಲಿಸಿ, ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಒಳಗೆ ಚಿಲಕ ಅವಳ ಕೈಗೆ ಎಟುಕಬೇಕು. ಮೆಟ್ಟಿಲಿದ್ದರೆ ಇಳಿಜಾರು ಮಾಡಿಸಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಲೇಬೇಕು. ಜಾಗ ಇಲ್ಲ ಅಂತ ಕಡಿದಾಗಿ ಮಾಡಿದರೆ ಅದು ಬೈಕ್ ಹತ್ತಿಸುವುದಕ್ಕೆ ಮಾತ್ರ ಆಗುತ್ತದೆ. ಹಣಕ್ಕೆ ಗ್ರಾಮ ಪಂಚಾಯಿತಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಅರ್ಜಿ ಕೊಡಿ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಅಂತ ತೆಗೆದಿಡಬೇಕು. ಕೇಳುವವರಿಲ್ಲ ಅಂತ ಅದು ಬೇರೆ ಕಡೆ ಹೋಗುತ್ತದೆ.

ಇನ್ನು ನಿಮ್ಮ ಒಳ್ಳೆಯ ಮಕ್ಕಳು. ಅವರು ಒಳ್ಳೆಯವರೇ, ಅನುಮಾನ ಇಲ್ಲ. ಆದರೆ ಆ ಹುಡುಗಿಯನ್ನು ಗೊಂಬೆ ಮಾಡಿದ್ದಾರೆ. ಗೇಲಿ ಮಾಡುವ ಕ್ಲಾಸಿನಲ್ಲೂ, ಪಾಪ ಅನ್ನುವ ಕ್ಲಾಸಿನಲ್ಲೂ ಮಗು ಹೊರಗೇ ಉಳಿಯುತ್ತದೆ. ಅವಳಿಗೆ ಪ್ರಶ್ನೆ ಕೇಳಿ, ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಸಾಲದಿದ್ದರೆ ಇಪ್ಪತ್ತು. ಬೇರೆಯವರು ಬಾಯಿ ಹಾಕಿದರೆ "ಸರದಿ ಅವಳದು" ಅಂತಷ್ಟೇ ಹೇಳಿ, ಬೈಯಬೇಡಿ. ಬ್ಯಾಗ್ ಹೊರುವ ಮೊದಲು "ಸಹಾಯ ಬೇಕಾ?" ಅಂತ ಕೇಳುವುದನ್ನು ಕಲಿಸಿ. ಅವಳು ಬೇಡ ಅಂದರೆ ಬೇಡ. ಕ್ಲಾಸಿನಲ್ಲಿ ಅವಳಿಗೊಂದು ನಿಜವಾದ ಕೆಲಸ ಕೊಡಿ: ಹಾಜರಿ ಕೂಗುವುದು, ಗ್ರಂಥಾಲಯದ ಪುಸ್ತಕ ಬರೆದುಕೊಳ್ಳುವುದು. ತಪ್ಪು ಮಾಡಿದರೆ ಬೇರೆಯವರ ಹಾಗೆ ಅವಳಿಗೂ ತಿದ್ದಿ.

ಸಹಶಿಕ್ಷಕಿ, ಕಡೂರು ಕಡೆ: ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಸೋಮವಾರ ತಾಯಿಯನ್ನು ಕರೆಸುತ್ತೇನೆ.

ಒಬ್ಬ ತಂದೆ, ದಾವಣಗೆರೆ: ವಿಕಲಚೇತನರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸುವುದು ಹೇಗೆ ಮೇಡಂ?

ವಿಶೇಷ ಶಿಕ್ಷಕಿ: ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಗೊತ್ತಾಗದಿದ್ದರೆ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅದು ಅವರ ಕೆಲಸ. ಕಾರ್ಡ್ ಇಲ್ಲ ಅಂತ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ.

ಮುಖ್ಯಶಿಕ್ಷಕ, ಸಿಂದಗಿ: ಮೇಡಂ, ಕಣ್ಣಿಗೆ ಬಟ್ಟೆ ಕಟ್ಟುವುದರ ಬಗ್ಗೆ ಹೇಳಲೇ ಇಲ್ಲ. ನಾವೂ ಪ್ರತಿ ವರ್ಷ ಮಾಡುತ್ತೇವೆ. ಮಕ್ಕಳಿಗೆ ಅವರ ಕಷ್ಟ ಅರ್ಥ ಆಗುತ್ತದೆ ಅಲ್ವಾ?

ವಿಶೇಷ ಶಿಕ್ಷಕಿ: ಬೇಡ ಸರ್. ಐದು ನಿಮಿಷ ಬಟ್ಟೆ ಕಟ್ಟಿದ ಮಗು ಕಲಿಯುವುದು ಹೆದರಿಕೆಯನ್ನು. ಕುರುಡರ ಬದುಕನ್ನಲ್ಲ. ಕೋಲು ಹಿಡಿದು ನಡೆಯುವ ಅಭ್ಯಾಸ, ಬ್ರೈಲ್, ಶಬ್ದ ಕೇಳಿ ದಾರಿ ಗುರುತಿಸುವುದು, ಇವೆಲ್ಲ ವರ್ಷಗಟ್ಟಲೆ ಕಲಿತು ಬರುವ ಕೌಶಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಅರಿಯೆಲ್ ಸಿಲ್ವರ್‌ಮನ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಬಟ್ಟೆ ಕಟ್ಟಿಸಿಕೊಂಡವರು ಆಮೇಲೆ, ಕುರುಡರಿಗೆ ಕೆಲಸ ಮಾಡಲು, ಸ್ವಂತವಾಗಿ ಬದುಕಲು ಅಷ್ಟು ಆಗುವುದಿಲ್ಲ ಅಂತ ಅಂದಾಜು ಮಾಡಿದರು. ಸಿಲ್ವರ್‌ಮನ್ ಸ್ವತಃ ಕುರುಡರು. ನಿಮ್ಮ ಆಟ ಕರುಣೆ ಹೆಚ್ಚಿಸುತ್ತದೆ, ಗೌರವ ಕಡಿಮೆ ಮಾಡುತ್ತದೆ.

ಬದಲಿಗೆ ಮಕ್ಕಳ ಕೈಗೆ ಅಳತೆ ಟೇಪ್ ಕೊಡಿ. ಗೇಟಿನಿಂದ ಕ್ಲಾಸಿಗೆ ಎಷ್ಟು ಮೆಟ್ಟಿಲು? ನಲ್ಲಿ ಎಷ್ಟು ಎತ್ತರ? ಬಾಗಿಲು ಮೂರು ಅಡಿ ಅಗಲ ಇದೆಯಾ? ಬೋರ್ಡಿನ ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತದಾ? ಎಲ್ಲ ಬರೆದು ಮಕ್ಕಳ ಗ್ರಾಮಸಭೆಯಲ್ಲಿ ಓದಲಿ, ಪಂಚಾಯಿತಿಯವರು ಎದುರಿಗೇ ಇರುತ್ತಾರೆ. ಕಡೂರಿನ ಮೇಡಂ, ನಿಮ್ಮ ಹುಡುಗಿ ಟೇಪ್ ಹಿಡಿಯುವ ಗುಂಪಿನಲ್ಲಿರಲಿ. ಶಾಲು ಬೇಡ. ಅವಳು ಯಾವ ಸ್ಪರ್ಧೆಯಲ್ಲಾದರೂ ಗೆದ್ದ ದಿನ ಹೊದಿಸಿ.

ನಿವೃತ್ತ ಶಿಕ್ಷಕ, ತುಮಕೂರು: ಎಲ್ಲಾ ಸರಿ ಮೇಡಂ. 40 ಮಕ್ಕಳ ಕ್ಲಾಸಿನಲ್ಲಿ ಒಬ್ಬಳಿಗಾಗಿ ಇಪ್ಪತ್ತು ಎಣಿಸುತ್ತಾ ನಿಂತರೆ ಪಾಠ ಮುಗಿಯುವುದು ಯಾವಾಗ? ಇಂಥ ಮಕ್ಕಳಿಗೆ ವಿಶೇಷ ಶಾಲೆ ಅಂತ ಇದೆಯಲ್ಲ.

ತಾಯಿ, ಬೆಂಗಳೂರು: "ಇಂಥ ಮಕ್ಕಳು" ಅಂದರೆ ಯಾರು ಸರ್? ನನ್ನ ಮಗನಿಗೆ ಆಟಿಸಂ. ಒಂದು ಖಾಸಗಿ ಶಾಲೆಯವರು "ಶ್ಯಾಡೋ ಟೀಚರನ್ನು (ಕ್ಲಾಸಿನಲ್ಲಿ ಅವನ ಜೊತೆಗೇ ಇರುವ ಸಹಾಯಕರು) ನೀವೇ ಇಡಿ, ಇಲ್ಲಾಂದ್ರೆ ಟಿಸಿ ತಗೊಳ್ಳಿ" ಅಂದಿದ್ದಾರೆ. ನಿಮ್ಮ ಮಾತೂ ಅದೇ ಆಯಿತು.

ನಿವೃತ್ತ ಶಿಕ್ಷಕ, ತುಮಕೂರು: ತಾಯೀ, ನಾನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ವಾಸ್ತವ ಹೇಳಿದೆ.

ವಿಶೇಷ ಶಿಕ್ಷಕಿ: ಬೆಂಗಳೂರಿನ ತಾಯಿಗೆ: ಬಾಯಿ ಮಾತಿನಲ್ಲಿ ಏನನ್ನೂ ಒಪ್ಪಬೇಡಿ, ಅವರು ಹೇಳಿದ್ದನ್ನು ಬರಹದಲ್ಲಿ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು. ಬಿಇಒಗೆ ದೂರು, ಅದರ ಪ್ರತಿ ರಾಜ್ಯ ವಿಕಲಚೇತನರ ಆಯುಕ್ತರಿಗೆ. ಟಿಸಿಗೆ ನೀವಾಗಿ ಅರ್ಜಿ ಬರೆದುಕೊಡಬೇಡಿ.

ತುಮಕೂರಿನ ಮೇಷ್ಟ್ರಿಗೆ: ಇಪ್ಪತ್ತು ಎಣಿಸುವುದಕ್ಕೆ ಇಪ್ಪತ್ತು ಸೆಕೆಂಡು. ಆ ಹೊತ್ತಿನಲ್ಲಿ ಉಳಿದ ಮಕ್ಕಳೂ ಯೋಚಿಸುತ್ತಾರೆ, ಅವರಿಗೂ ಒಳ್ಳೆಯದೇ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆಯನ್ನು ಅದೇ ಕಾಯ್ದೆಯ 31ನೇ ಕಲಂ ಮಗುವಿಗೆ ಕೊಟ್ಟಿದೆ, 6ರಿಂದ 18 ವರ್ಷದವರೆಗೆ. ಶಿಕ್ಷಕರಿಗೆ ಕೊಟ್ಟಿಲ್ಲ.

ಸದಸ್ಯೆ, ಮೈಸೂರು: ವಿಶೇಷ ಶಾಲೆಯನ್ನೇ ಬೈಯುವ ಹಾಗಾಗಬಾರದು. ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಊರಿನ ಶಾಲೆಯಲ್ಲಿ ಮೂರು ವರ್ಷ ಬೋರ್ಡ್ ನೋಡಿ ನಕಲು ಮಾಡುತ್ತಿದ್ದಳು, ಅಷ್ಟೇ. ಕಿವುಡರ ಶಾಲೆಗೆ ಸೇರಿಸಿ ಸನ್ನೆ ಭಾಷೆ ಕಲಿತ ಮೇಲೆ ಗೆಳತಿಯರು ಸಿಕ್ಕರು, ಜಗಳ ಆಡಲು ಕಲಿತಳು.

ವಿಶೇಷ ಶಿಕ್ಷಕಿ: ನಿಮ್ಮ ಮಾತು ಪೂರ್ತಿ ಸರಿ. ಸನ್ನೆ ಭಾಷೆ ಬರುವವರು ಒಬ್ಬರೂ ಇಲ್ಲದ ಕ್ಲಾಸಿನಲ್ಲಿ ಕಿವುಡ ಮಗುವನ್ನು ಕೂರಿಸುವುದು ಸೇರಿಸಿಕೊಳ್ಳುವುದಲ್ಲ. ಮೊದಲು ಭಾಷೆ ಬೇಕು.

ಸದಸ್ಯ, ರಾಯಚೂರು: *(ಫಾರ್ವರ್ಡ್)* ಮಾತು ಬಾರದ ಮಕ್ಕಳಿಗೆ ಬಜೆ ಬೇರು ತೇಯ್ದು ಜೇನಿನಲ್ಲಿ 48 ದಿನ ನಾಲಿಗೆಗೆ ಹಚ್ಚಿ. ಕಾಲು ಬಾರದ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಇಟ್ಟರೆ ನರ ಸಡಿಲ ಆಗುತ್ತದೆ. ಎಲ್ಲರಿಗೂ ತಲುಪಿಸಿ.

ವಿಶೇಷ ಶಿಕ್ಷಕಿ: ಇದನ್ನು ಈಗಲೇ ಅಳಿಸಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜ್ ಸುಲ್ತಾನಪುರದಲ್ಲಿ ಮಕ್ಕಳನ್ನು ಕುತ್ತಿಗೆವರೆಗೆ ಹೂತಿದ್ದರು. ಪತ್ರಿಕೆಗಳಲ್ಲೆಲ್ಲ ಬಂತು. ಆ ಮಕ್ಕಳು ಅಳುತ್ತಿದ್ದರು. ಹೂತರೆ ಯಾರ ಕಾಲೂ ಸರಿಯಾಗುವುದಿಲ್ಲ. ಸೆರೆಬ್ರಲ್ ಪಾಲ್ಸಿ ಮಿದುಳಿಗೆ ಆದ ಪೆಟ್ಟು, ಮಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. ಉಸಿರಾಟದ ತೊಂದರೆ, ಫಿಟ್ಸ್ ಇರುವ ಮಗುವನ್ನು ಹಾಗೆ ಹೂತರೆ ಪ್ರಾಣಕ್ಕೇ ಅಪಾಯ.

ಬಜೆಯಿಂದ ಮಾತು ಬರುವುದಿಲ್ಲ, ವಾಂತಿ ಬರುತ್ತದೆ. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದೇ ಅದಕ್ಕೆ. 48 ದಿನ ಬೇರು ತೇಯುತ್ತಾ ಕೂತರೆ ಮಗು ಭಾಷೆ ಕಲಿಯುವ ವಯಸ್ಸು ಕೈತಪ್ಪುತ್ತದೆ.

ಸದಸ್ಯ, ರಾಯಚೂರು: ನಮ್ಮ ಹಿರಿಯರು ಮಾಡಿಕೊಂಡು ಬಂದದ್ದು. ಎಲ್ಲದಕ್ಕೂ ಇಂಗ್ಲಿಷ್ ವೈದ್ಯವೇ ಬೇಕಾ?

ವಿಶೇಷ ಶಿಕ್ಷಕಿ: ಮಗುವನ್ನು ಹೂಳುವುದಕ್ಕೆ ಯಾವ ವೈದ್ಯದಲ್ಲೂ ಜಾಗ ಇಲ್ಲ. ಅಳಿಸಿ.

ಸಹಶಿಕ್ಷಕ, ಹಾವೇರಿ: ಮೇಡಂ, ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬರುತ್ತದೆ. ಮಕ್ಕಳು ಕಬ್ಬಿಣದ ಕೀಲಿ ಹುಡುಕುತ್ತಾ ಓಡುತ್ತಾರೆ.

ವಿಶೇಷ ಶಿಕ್ಷಕಿ: ಕೀಲಿ ಬೇಡ, ಈರುಳ್ಳಿ ಬೇಡ, ಬಾಯಿಗೆ ಚಮಚ, ನೀರು ಏನೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ, ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಇದನ್ನು ಮಕ್ಕಳಿಗೂ ಕಲಿಸಿ, ಆ ಹುಡುಗ ಮತ್ತು ಅವನ ಮನೆಯವರು ಒಪ್ಪಿದ ಮೇಲೆ. ಏನು ಮಾಡಬೇಕು ಅಂತ ಗೊತ್ತಿದ್ದರೆ ಮಕ್ಕಳು ದೂರ ಓಡುವುದಿಲ್ಲ. ಎಚ್ಚರ ಆದಾಗ ಸುತ್ತ ಗುಂಪು ಇರಬಾರದು.

ಸದಸ್ಯೆ, ಹೊಸಪೇಟೆ: ಯುಡಿಐಡಿ ಕಾರ್ಡ್ ಎಲ್ಲಿ ಮಾಡಿಸಬೇಕು?

ವಿಶೇಷ ಶಿಕ್ಷಕಿ: ಮೇಲೆ ಹೇಳಿದ್ದೇನೆ.

ಸದಸ್ಯ, ಶಿರಸಿ: *(ಚಿತ್ರ)*

ಬ್ಯಾಂಕ್ ನೌಕರ, ಧಾರವಾಡ: ಶಿರಸಿಯವರೇ, ನೀವು ಏನು ಹಾಕಿದಿರಿ ಅಂತ ಬರೆಯಿರಿ. ನನಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳುತ್ತದೆ, ಆದರೆ ಪೋಸ್ಟರ್ ಹಾಕಿದರೆ "ಚಿತ್ರ" ಅಂತಷ್ಟೇ ಹೇಳುತ್ತದೆ. ಈ ಗ್ರೂಪಿನಲ್ಲಿ ಅರ್ಧ ವಿಷಯ ಪೋಸ್ಟರ್‌ಗಳೇ. ಎಷ್ಟು ಸಲ ಹೇಳಿದರೂ ಯಾರೂ ಬರೆಯುವುದಿಲ್ಲ.

ಸದಸ್ಯ, ಶಿರಸಿ: ಕ್ಷಮಿಸಿ ಸರ್. "ನಮ್ಮ ದೇವರ ಮಕ್ಕಳನ್ನು ಪ್ರೀತಿಸೋಣ" ಅಂತ ಇದೆ. ಒಳ್ಳೆಯ ಸಂದೇಶ ಅಂತ ಹಾಕಿದೆ.

ಬ್ಯಾಂಕ್ ನೌಕರ, ಧಾರವಾಡ: ನಾನು ದೇವರ ಮಗ ಅಲ್ಲ, ಕ್ಯಾಷಿಯರ್ ಮಗ. ಪ್ರೀತಿ ಆಮೇಲೆ ಮಾಡಿ. ಓದುವುದಕ್ಕೆ ಬರುವ ಹಾಗೆ ಬರೆಯಿರಿ.

ಸದಸ್ಯೆ, ಹೊಸಪೇಟೆ: ಒಳ್ಳೆಯದು ಹೇಳಿದರೂ ಹೀಗೆ ಮಾತಾಡಿದರೆ ಹೇಗೆ? ಅವರೇನು ಅವಮಾನ ಮಾಡಿದರಾ?

ತಾಯಿ, ಬೆಂಗಳೂರು: ಅವರಿಗೆ ಏನು ಬೇಕು ಅಂತ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಅದನ್ನು ಬಿಟ್ಟು ಅವರ ದನಿ ಬಗ್ಗೆ ಮಾತಾಡುತ್ತಿದ್ದೀರಿ.

ನಿವೃತ್ತ ಶಿಕ್ಷಕ, ತುಮಕೂರು: ಈಗಿನವರಿಗೆ ಏನು ಹೇಳಿದರೂ ತಪ್ಪೇ. ನಾನು ಇನ್ನು ಮಾತಾಡುವುದಿಲ್ಲ.

ವಿಶೇಷ ಶಿಕ್ಷಕಿ: ಧಾರವಾಡದ ಸರ್ ಹೇಳಿದ್ದು ಅಡ್ಮಿನ್ ನಿಯಮವಾಗಬೇಕು, ಇವತ್ತಿನಿಂದಲೇ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ ಅನ್ನುವವರು ಇಲ್ಲಿ ಎರಡು ಸಾಲು ಟೈಪ್ ಮಾಡಲಿ.

ಒಬ್ಬ ತಂದೆ, ದಾವಣಗೆರೆ: ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ಆಟಿಸಂ ಗುಣ ಆಗುತ್ತದಂತೆ, ವಿಡಿಯೊ ಬಂದಿದೆ. ಹೊಲ ಅಡ ಇಡಬೇಕು. ಮಾಡಿಸಲಾ?

ವಿಶೇಷ ಶಿಕ್ಷಕಿ: ಬೇಡ. ಹೊಲ ಅಡ ಇಡಬೇಡಿ ಅಣ್ಣಾ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಸ್ಟೆಮ್ ಸೆಲ್‌ಗೆ ಒಪ್ಪಿಗೆ ಇರುವುದು ಕೆಲವು ರಕ್ತದ ಕಾಯಿಲೆಗಳಂಥವುಗಳಿಗೆ ಮಾತ್ರ, ಆಟಿಸಂಗೆ ಇಲ್ಲ. ನಿಮ್ಮ ಮಗುವಿನ ವಯಸ್ಸು ಎಷ್ಟು, ಮಾತಾಡುತ್ತದಾ, ಶಾಲೆಗೆ ಹೋಗುತ್ತಿದೆಯಾ ಬರೆಯಿರಿ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಒಮ್ಮೆ ತೋರಿಸಿ. ವಿಡಿಯೊದವರಿಗೆ ಮುಂಗಡ ಕೊಟ್ಟಿಲ್ಲ ತಾನೇ?

ಸದಸ್ಯ, ರಾಯಚೂರು: ಅವರಿಗೆ ಒಂದು ಎಣ್ಣೆ ಇದೆ, ನಂಬರ್ ಕಳಿಸಲಾ?

ಅಡ್ಮಿನ್: ರಾಯಚೂರಿನ ಸದಸ್ಯರನ್ನು ಗ್ರೂಪಿನಿಂದ ತೆಗೆದಿದ್ದೇನೆ. ಪೋಸ್ಟರ್ ಹಾಕುವವರು ಇನ್ನು ಮೇಲೆ ಅದರಲ್ಲಿರುವುದನ್ನು ಕೆಳಗೆ ಬರೆಯಬೇಕು.

ಮುಖ್ಯಶಿಕ್ಷಕ, ಸಿಂದಗಿ: ಮೇಡಂ, ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಗು ಹೇಳಿದ ಉತ್ತರ ಬರೆಯುವ ಬರಹಗಾರರನ್ನು ಇಟ್ಟುಕೊಳ್ಳುವುದಕ್ಕೆ ಯಾವಾಗ ಅರ್ಜಿ ಹಾಕಬೇಕು? ಹೋದ ವಾರವೂ ಕೇಳಿದ್ದೆ.

ಸದಸ್ಯೆ, ಹೊಸಪೇಟೆ: ನನಗೆ "ಮೇಲೆ ಹೇಳಿದ್ದೇನೆ" ಅಂತ ಒಂದೇ ಮಾತು. ಉಳಿದವರಿಗೆ ಪುಟಗಟ್ಟಲೆ.

ಸಹಶಿಕ್ಷಕಿ, ಕಡೂರು ಕಡೆ: ಅಕ್ಕ, ಮೇಲೆ ಎರಡನೇ ಪ್ರಶ್ನೆಯ ಕೆಳಗಿದೆ ನೋಡಿ, ವಿಆರ್‌ಡಬ್ಲ್ಯೂ ಹತ್ತಿರ ಹೋಗಬೇಕು. ಮೇಡಂ, ಈಗಷ್ಟೇ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಹೋದ ತಿಂಗಳು ಎರಡು ಸಲ ಜ್ವರ ಬಂದಿತ್ತಂತೆ, ಉರಿ ಅಂತ ಅಳುತ್ತಿದ್ದಳಂತೆ. ಶಾಲೆಗೆ ಹೇಳಿದರೆ ಬರಬೇಡ ಅಂತಾರೆ ಅಂತ ಹೇಳಿರಲಿಲ್ಲವಂತೆ.

ವಿಶೇಷ ಶಿಕ್ಷಕಿ: ಹಾಗಾದರೆ ಸೋಮವಾರದ ತನಕ ಕಾಯಬೇಡಿ. ನಾಳೆ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಲಿ, ಭಾನುವಾರವಾದರೂ ತುರ್ತು ವಿಭಾಗ ಇರುತ್ತದೆ. ಈ ರಾತ್ರಿ ಜ್ವರ, ಚಳಿ ನಡುಕ, ವಾಂತಿ ಬಂದರೆ ಈಗಲೇ ಹೊರಡಲಿ. "ಶಾಲೆಗೆ ಬಾ, ನಿನ್ನ ಜಾಗ ಇದ್ದೇ ಇದೆ" ಅಂತ ಆ ತಾಯಿಗೆ ಇವತ್ತೇ ಇನ್ನೊಂದು ಸಲ ಫೋನ್ ಮಾಡಿ ಹೇಳಿ. ಬಾಕಿ ಪ್ರಶ್ನೆಗಳಿಗೆ ನಾಳೆ ನೋಡುತ್ತೇನೆ. ನನಗೆ ನೇರವಾಗಿ ನಿಮ್ಮ ನಂಬರ್ ಕಳಿಸಿ.

ಮುಖ್ಯಶಿಕ್ಷಕ, ಸಿಂದಗಿ: ಮೇಡಂ, ಬರಹಗಾರರ ವಿಷಯ?